ಅಳುವ ಕಬ್ಬಿಣ

ಅಪ್ಪ ತೀರಿಕೊಂಡು ವರ್ಷ ತುಂಬಿದ್ದಕ್ಕೆ ಊರಿಗೆಲ್ಲ ಊಟ ಹಾಕಿದ ದಿನ, ಅಂಗಳದ ಉಣ್ಣೆ ಗುಡಾರದಲ್ಲಿ ಹೆಂಗಸರು ಸೇರಿ ಅಮ್ಮನ ಕರಿ ಬಟ್ಟೆ ಬಿಚ್ಚಿಸಿ ತಲೆಗೆ ಬಿಳಿ ವಸ್ತ್ರ ಕಟ್ಟಿದರು. ಕಟ್ಟಿದವರು ಅಪ್ಪನ ಅಕ್ಕ, ಬತ್ಮಾ ಎಜೆ. ನಮ್ಮಲ್ಲಿ ತಮಗಿಂತ ಹಿರಿಯ ಹೆಂಗಸರನ್ನೆಲ್ಲ ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು. ಗಂಟು ಬಿಗಿದು, ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು, “ಮುಗೀತು ಕೆಲಿನ್. ಇನ್ನು ನಗು, ಹಾಡು, ಯಾರೂ ಏನೂ ಅನ್ನಲ್ಲ,” ಎಂದರು. ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಮ್ಮ ಅವರಿಗೆ ಕೆಲಿನ್ನೇ. ಉಲ್ಕಾನ್ ಎಂದು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ.

ಅಮ್ಮ ನಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸಿದಳು.

ನಾನು ಬಾಗಿಲ ಬಳಿ ಚಹಾದ ನೀರು ಕಾಯುವ ಸಮೋವರಿನ ಮುಂದೆ ಕೂತು ಚಹಾ ಬಗ್ಗಿಸುತ್ತಿದ್ದೆ. ಬಟ್ಟಲು ತುಂಬಿಸಬಾರದು, ಅರ್ಧ ಕೊಡಬೇಕು, ಖಾಲಿಯಾದ ಹಾಗೆ ಮತ್ತೆ ಕೊಡಬೇಕು. ಅಷ್ಟನ್ನೇ ಯೋಚಿಸುತ್ತಿದ್ದೆ. ಆ ವರ್ಷವೆಲ್ಲ ನಾನು ಹಾಗೇ ಇದ್ದೆ, ಕೈಗೆ ಸಿಕ್ಕ ಒಂದು ಕೆಲಸವನ್ನು ಹಿಡಿದುಕೊಂಡು, ಅದರಾಚೆ ನೋಡದೆ. ರಾಜಧಾನಿ ಬಿಷ್ಕೆಕ್‌ನಲ್ಲಿ ಭೂಗೋಳದ ಪದವಿ ಮುಗಿಸಿ ಮನೆಗೆ ಬಂದ ಸ್ವಲ್ಪ ದಿನಕ್ಕೇ ಅಪ್ಪ ಹೋದರು. ನಾನು ಅಳಲಿಲ್ಲ. ತಡೆದುಕೊಂಡೆ ಎಂದಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದರೆ ಅದು ಬೇರೆ ಯಾರದೋ ಮುಖದ ಹಾಗೆ ಕೈಗೆ ಸಿಗುತ್ತಿತ್ತು, ಅಷ್ಟೇ.

ಅಮ್ಮನೂ ಅತ್ತಿರಲಿಲ್ಲ. ಅದು ಊರಲ್ಲಿ ದೊಡ್ಡ ಮಾತಾಗಿತ್ತು. ಗಂಡ ಸತ್ತವಳು ಗೋಡೆಗೆ ಮುಖ ಮಾಡಿ ಕೂತು, ಬಂದವರಿಗೆಲ್ಲ ಕೇಳುವಂತೆ ಅವನ ಗುಣಗಳನ್ನು ಹಾಡಿಕೊಂಡು ಅಳಬೇಕು. ಅಮ್ಮ ಗೋಡೆಗೆ ಮುಖ ಮಾಡಿ ಕೂತಳು, ಬಾಯಿ ಬಿಡಲಿಲ್ಲ. ಅವಳ ಬದಲು ಬತ್ಮಾ ಎಜೆಯೇ ಗಂಟಲು ಬೀಳುವ ತನಕ ಹಾಡಿ ಅತ್ತರು. “ಶಾರ್ಶೆನ್‌ನಂಥ ಗಂಡನಿಗೆ ಒಂದು ಸಾಲು ಅಳೋಕಾಗಲಿಲ್ಲವಲ್ಲ ಇವಳಿಗೆ. ತಾಯೂ ಕಲ್ಲು, ಮಗಳೂ ಕಲ್ಲು,” ಎಂದು ಹೆಂಗಸರು ನೀರು ಸೇದುವಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಅಮ್ಮನ ಮಾತೆಲ್ಲ ಇದ್ದದ್ದು ಅವಳ ತೆಮಿರ್ ಕೊಮುಜ್‌ನಲ್ಲಿ. ಬೆರಳುದ್ದದ ಕಬ್ಬಿಣದ ಮೋರ್ಸಿಂಗ್ ಅದು. ಮುಂದಿನ ಹಲ್ಲುಗಳಿಗೆ ಆನಿಸಿ, ನಡುವಿನ ತೆಳು ನಾಲಿಗೆಯನ್ನು ಮೀಟಿದರೆ ತಲೆಯ ಬುರುಡೆಯೇ ನುಡಿಯುತ್ತದೆ. ಊರಿನ ಕ್ಲಬ್ಬಿನಲ್ಲಿ ಅಮ್ಮ ಹುಡುಗಿಯರಿಗೆ ಅದನ್ನು ಕಲಿಸುತ್ತಿದ್ದಳು. ದುಃಖದ ವರ್ಷದಲ್ಲಿ ಮುಟ್ಟುವಂತಿಲ್ಲವೆಂದು ಬತ್ಮಾ ಎಜೆ ಅದನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡಿದ್ದರು. ಈಗ ಎಲ್ಲರೆದುರು ರೇಷ್ಮೆ ಬಟ್ಟೆಯ ಗಂಟು ಬಿಚ್ಚಿ ಅಮ್ಮನ ಕೈಗೆ ಕೊಟ್ಟರು.

“ನನ್ನ ತಮ್ಮನಿಗೆ ಇಷ್ಟವಾದದ್ದು ನುಡಿಸು.”

ಅಮ್ಮ ಕಬ್ಬಿಣವನ್ನು ಹಲ್ಲಿಗಿಟ್ಟಳು. ಹುಬ್ಬು ಗಂಟಾಯಿತು. ಸರಿಸಿ ಮತ್ತೆ ಇಟ್ಟಳು. ಮೀಟಿದಳು.

ಬಂದ ಸ್ವರ ನಮಗೆ ಗೊತ್ತಿದ್ದದ್ದಲ್ಲ. ಮೊದಲು ಅವಳು ಮೀಟಿದರೆ ಸ್ವರ ನೂಲಿನ ಹಾಗೆ ನೇರವಾಗಿ ಬರುತ್ತಿತ್ತು. ಈಗ ಅದು ನಡುಗಿತು, ಒದ್ದೆಯಾಗಿ ಬಿರಿಯಿತು, ನಡುನಡುವೆ ಝರ್ರೆಂದು ನಿಂತುಹೋಗಿ ಬಿಕ್ಕಿದ ಹಾಗೆ ಮತ್ತೆ ಶುರುವಾಯಿತು. ಆಮೇಲೆ ಮೂಲೆಯಲ್ಲಿ ಒಬ್ಬಾಕೆ ಮೂಗು ಒರೆಸಿಕೊಂಡಳು. ಇನ್ನೊಬ್ಬಾಕೆ ಗಟ್ಟಿಯಾಗಿಯೇ ಅತ್ತಳು.

“ಕೇಳಿಸ್ಕೊಂಡ್ರಾ? ಕಬ್ಬಿಣ ಅಳ್ತಿದೆ ಕಣ್ರೇ!”

“ಪಾಪ, ವರ್ಷವೆಲ್ಲ ಒಳಗೇ ಇಟ್ಕೊಂಡಿದ್ಲು.”

ಬತ್ಮಾ ಎಜೆಯ ಮುಖ ಕೆಂಪಾಗಿತ್ತು. ಎಲ್ಲರನ್ನೂ ಒಂದು ಸುತ್ತು ನೋಡಿ, “ನಮ್ಮ ಕೆಲಿನ್ ಅಳಲಿಲ್ಲ ಅಂದ್ರಿ. ಈಗ ಏನಂತೀರಿ?” ಎಂದರು.

ಅಮ್ಮ ಒಂದೇ ತುಣುಕು ನುಡಿಸಿ ನಿಲ್ಲಿಸಿದಳು. ನಾನು ಚಹಾ ಕೊಡಲು ಬಗ್ಗಿದಾಗ ಅವಳು ಕಬ್ಬಿಣವನ್ನು ತಲೆವಸ್ತ್ರದ ಅಂಚಿಗೆ ಒರೆಸುತ್ತಿದ್ದಳು. ಹೊಸ ಬಿಳಿ ವಸ್ತ್ರದ ತುದಿಯಲ್ಲಿ ತೆಳು ಕೆಂಪು ಗೆರೆ ಮೂಡಿತು. ಅವಳು ಅದನ್ನು ಮಡಿಸಿ ಒಳಗೆ ಸಿಕ್ಕಿಸಿಕೊಂಡಳು. ಮಾಂಸ ಹಂಚುವಾಗ ಅವಳಿಗೆ ಹಿರಿಯರಿಗೆ ಗೌರವದಿಂದ ಕೊಡುವ ಎಲುಬಿನ ತುಂಡು ಬಂತು. ಕಚ್ಚಲಿಲ್ಲ. ಪಕ್ಕದವಳ ತಟ್ಟೆಗೆ ದಾಟಿಸಿ, ಸಾರಿನಲ್ಲಿ ರೊಟ್ಟಿ ನೆನೆಸಿಕೊಂಡು ತಿಂದಳು. “ಇನ್ನೂ ಗಂಟಲಲ್ಲಿ ಇಳೀತಿಲ್ಲ ಪಾಪ,” ಎಂದಳು ಪಕ್ಕದವಳು, ಎಲುಬು ಚೀಪುತ್ತ.

ವರ್ಷವೆಲ್ಲ ಹೀಗೇ ಆಗಿತ್ತು. ಅಮ್ಮ ಸೊರಗಿದಳು, ದುಃಖ ಎಂದರು. ಒಣಗಿಸಿದ ಮೊಸರಿನುಂಡೆಗಳನ್ನು ಮುಟ್ಟುವುದು ಬಿಟ್ಟಳು, ಸೇಬನ್ನು ತೆಳ್ಳಗೆ ಕೊಯ್ದು ಕೊಟ್ಟರೂ ಬೇಡವೆಂದಳು, ದುಃಖ. ಮಾತಾಡುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬಾಯಿ ವಾಸನೆ ಬರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಪೈನ್ ಮರದ ಅಂಟು ಅಗಿಯುತ್ತಿದ್ದಳು. ಆಮೇಲೆ ಅದೂ ಹಲ್ಲಿಗೆ ಹಿಡಿಯುತ್ತದೆ ಎಂದು ಬಿಟ್ಟಳು. ಊಟ ಬಿಟ್ಟ ಹೊಟ್ಟೆಯ ವಾಸನೆ ಅದು, ಎಂದಿದ್ದರು ಬತ್ಮಾ ಎಜೆ. ನಮ್ಮ ಮನೆಯಲ್ಲಿ ಆ ವರ್ಷ ಏನೇ ಆದರೂ ಅದಕ್ಕೆ ಒಂದೇ ಹೆಸರು ಸಿದ್ಧವಾಗಿತ್ತು.

ಊಟ ಹಾಕಿದ ಮಾರನೆಯ ದಿನದಿಂದಲೇ ಜನ ಬರತೊಡಗಿದರು. ಅಳುವ ಕಬ್ಬಿಣ ಕೇಳಬೇಕಂತೆ. ಮೇಲಿನ ಊರಿನ ಮುದುಕಿಯರು ಕುದುರೆ ಗಾಡಿ ಮಾಡಿಕೊಂಡು ಬಂದರು. ಕ್ಲಬ್ಬಿನ ಮೇಲ್ವಿಚಾರಕ, ಅಣ್ಣನೆಂಬ ಗೌರವಕ್ಕೆ ಎಲ್ಲರೂ ಬೈಕೆ ಎನ್ನುವ ಮುಕಾಶ್ ಬೈಕೆ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು.

“ಉಲ್ಕಾನ್, ಶರತ್ಕಾಲದ ಹಬ್ಬಕ್ಕೆ ನಾರಿನ್‌ನಲ್ಲಿ ಇಡೀ ಪ್ರಾಂತ್ಯದವರು ಸೇರ್ತಾರೆ. ನಿನ್ನ ಹೆಸರು ಬರೆಸ್ತೀನಿ. ಆದ್ರೆ ಹಳೇ ಥರ ಅಲ್ಲ ನೋಡು. ಅವತ್ತಿನ ಥರಾನೇ ನುಡಿಸ್ಬೇಕು. ಆ ನಡುಕ, ಆ ಬಿಕ್ಕು, ಅದನ್ನ ಬಿಡಬೇಡ.”

“ಬಿಡಲ್ಲ,” ಎಂದರು ಬತ್ಮಾ ಎಜೆ, ಅಮ್ಮನ ಪರವಾಗಿ. “ನನ್ನ ತಮ್ಮನ ಹೆಸರು ಹೇಳಿ ನುಡಿಸ್ತಾಳೆ.”

ಅಮ್ಮ ಚಹಾ ಬಟ್ಟಲನ್ನು ತಿರುಗಿಸುತ್ತ ಕೂತಿದ್ದಳು. ಅವರು ಹೋದ ಮೇಲೆ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ಹಣೆಯೊತ್ತಿ ಹಾಲು ಕರೆಯುತ್ತ ನನಗೆ ಹೇಳಿದಳು:

“ಅದು ಅಳು ಅಲ್ಲ ಸಾಲ್ಕಿನ್. ಸ್ವರ ಕೆಟ್ಟಿದೆ.”

“ಎಲ್ಲರೂ ಅತ್ತರಲ್ಲ ಅಪಾ,” ಎಂದೆ. ಅಮ್ಮನನ್ನು ನಾನು ಕರೆಯುವುದು ಹಾಗೇ.

“ಅಳಲಿ. ಅವರಿಗೆ ಕಿವಿ ಇಲ್ಲ. ನನಗಿದೆ. ಕೆಟ್ಟ ಸ್ವರಕ್ಕೆ ಹೊಗಳಿಸ್ಕೊಂಡು ಕೂರೋದು ಅಂದ್ರೆ ಮೈಮೇಲೆ ಬೇರೆಯವರ ಬಟ್ಟೆ ಹಾಕ್ಕೊಂಡ ಹಾಗೆ.” ಸ್ವಲ್ಪ ಹೊತ್ತು ಬಕೆಟ್ಟಿಗೆ ಹಾಲು ಬೀಳುವ ಸದ್ದು. “ನಿಮ್ಮತ್ತೆ ಪೆಟ್ಟಿಗೆಯ ತೇವಕ್ಕೆ ತುಕ್ಕು ಹಿಡಿದಿರ್ಬೇಕು.”

ಕಬ್ಬಿಣದ್ದೇ ತಪ್ಪು ಎಂದು ಇಬ್ಬರೂ ಒಪ್ಪಿಕೊಂಡೆವು. ಕಮ್ಮಾರನ ಹತ್ತಿರ ಹೋದೆವು. ಅವನು ನಾಲಿಗೆಯನ್ನು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಸಂದು ಸರಿಯಿದೆ ಎಂದ. ಅಮ್ಮ ನುಡಿಸಿದಳು; ಅದೇ ಒದ್ದೆ ನಡುಕ. ಕಮ್ಮಾರ ಚಿಮಟ ಕೆಳಗಿಟ್ಟು, “ಇದನ್ನ ನಾನು ಸರಿ ಮಾಡೋಕೆ ಹೋಗಲ್ಲ ಎಜೆ. ಕಬ್ಬಿಣಕ್ಕೂ ದುಃಖ ತಟ್ಟುತ್ತೆ,” ಎಂದು ಕಣ್ಣೊರೆಸಿಕೊಂಡ. ಹೊಸದೊಂದನ್ನು ಮಾಡಿಕೊಟ್ಟ. ಅದೂ ಮನೆಗೆ ಬಂದು ಅಮ್ಮನ ಬಾಯಲ್ಲಿ ಅತ್ತಿತು. ಅಮ್ಮ ಎರಡನ್ನೂ ಕಿಟಕಿಯ ಹಲಗೆ ಮೇಲೆ ಪಕ್ಕಪಕ್ಕ ಇಟ್ಟು ಕರೆದ ಹಾಲು ಕಾಯಿಸಲು ಹೋದಳು.

ನಾನು ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಹಳೆಯದನ್ನು ಎತ್ತಿಕೊಂಡು ನನ್ನ ಹಲ್ಲಿಗೆ ಇಟ್ಟೆ. ಚಿಕ್ಕವಳಿದ್ದಾಗ ಅಮ್ಮ ಕಲಿಸಿದ್ದಳು. ಜನರ ಮುಂದೆ ಬಾಯಿ ತೆರೆಯಬೇಕಲ್ಲ ಎಂದು ನಾನೇ ಬಿಟ್ಟಿದ್ದೆ. ಮೀಟಿದೆ. ಸ್ವರ ನೇರವಾಗಿ ಬಂತು. ನಡುಕವಿಲ್ಲ, ಒದ್ದೆಯಿಲ್ಲ. ಹೊಸದನ್ನು ಇಟ್ಟು ಮೀಟಿದೆ. ಅದೂ ನೇರ.

ಅಮ್ಮ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಬ್ಬಿಣದಲ್ಲಿ ಯಾವ ದೋಷವೂ ಇರಲಿಲ್ಲ.

“ಅಪಾ, ಬಾಯಿ ತೆರಿ.”

“ಏನಕ್ಕೆ?”

“ತೆರಿ.”

ಅವಳು ಪಾತ್ರೆ ಇಟ್ಟು ಕಿಟಕಿಯ ಬಳಿ ಬಂದು ಕೂತಳು. ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಅಪ್ಪ ಪಶುವೈದ್ಯರ ಸಹಾಯಕರಾಗಿದ್ದವರು. ಚಳಿಗಾಲಕ್ಕೆ ಮುಂಚೆ ಮಂದೆಯ ಒಂದೊಂದು ಕುರಿಯ ತುಟಿಯನ್ನೂ ಹೆಬ್ಬೆರಳಿಂದ ಸರಿಸಿ ಹಲ್ಲು ನೋಡುತ್ತಿದ್ದರು. ಹಲ್ಲು ಸಡಿಲಾದ ಕುರಿ ಹಿಮದಡಿಯ ಹುಲ್ಲು ಕೀಳಲಾರದು. ನನ್ನ ಹೆಬ್ಬೆರಳೂ ತಾನಾಗಿ ಹಾಗೇ ಹೋಯಿತು. ತುಟಿ ಸರಿಸಿದೆ.

ಒಸಡು ಗುಲಾಬಿ ಬಣ್ಣದ್ದಾಗಿರಲಿಲ್ಲ. ಕಡುಗೆಂಪು, ಊದಿಕೊಂಡು ಹೊಳೆಯುತ್ತಿತ್ತು. ಮುಂದಿನ ಹಲ್ಲುಗಳಿಂದ ಅದು ಹಿಂದೆ ಸರಿದು ಹಲ್ಲುಗಳು ಮೊದಲಿಗಿಂತ ಉದ್ದ ಕಾಣುತ್ತಿದ್ದವು, ಬುಡದಲ್ಲಿ ಹಳದಿ. ನಡುವಿನ ಎರಡರ ಮಧ್ಯೆ ಸಂದಿ ಬಿದ್ದಿತ್ತು. ಅಪ್ಪನ ಜೊತೆಗಿನ ಹಳೆಯ ಫೋಟೋದಲ್ಲಿ ಆ ಸಂದಿ ಇಲ್ಲ. ಬೆರಳಿಂದ ಮೆಲ್ಲಗೆ ಒತ್ತಿದೆ. ಹಲ್ಲು ಒಳಗೆ ಹೋಗಿ ಹೊರಗೆ ಬಂತು. ಬುಡದಿಂದ ಬಿಳಿಯಾದದ್ದೇನೋ ಒಸರಿತು.

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಬೆರಳನ್ನು ಲಂಗಕ್ಕೆ ಒರೆಸಿಕೊಂಡೆ.

“ಯಾವಾಗಿಂದ?”

“ಬ್ರಷ್ ಮಾಡಿದ್ರೆ ರಕ್ತ ಬರ್ತಿತ್ತು. ನಿಮ್ಮಪ್ಪ ಇದ್ದಾಗ್ಲೇ, ಅಲ್ಪಸ್ವಲ್ಪ. ಅವರು ಹೋದ್ಮೇಲೆ ಜಾಸ್ತಿ ಆಯ್ತು. ರಕ್ತ ಬರುತ್ತೆ ಅಂತ ಬ್ರಷ್ ಮಾಡೋದೇ ಬಿಟ್ಟೆ.”

“ನೋವಿರಲಿಲ್ವಾ?”

“ಇಲ್ಲ ಕಣೆ. ನೋವಿದ್ದಿದ್ರೆ ಹೇಳ್ತಿರ್ಲಿಲ್ವಾ? ಕಬ್ಬಿಣ ಒತ್ತಿದ್ರೆ ಮಾತ್ರ, ಈಗೀಗ.”

“ಡಾಕ್ಟರ ಹತ್ರ ಹೋಗೋಣ.”

“ಬೇಡ. ಮೊನ್ನೆ ತಾನೆ ಬಿಳಿ ವಸ್ತ್ರ ಕಟ್ಟಿದಾರೆ. ಗಂಡನಿಗೆ ಅತ್ತಳು ಅಂತ ಊರೆಲ್ಲ ಅನ್ನುವಾಗ, ಅಲ್ಲ, ಅದು ಹಲ್ಲಿನ ರೋಗ ಅನ್ಲಾ? ಎಜೆ ಮುಖ ನೋಡೋಕಾಗುತ್ತಾ?” ಕೈ ಮತ್ತೆ ಬಾಯಿಗೆ ಹೋಯಿತು. “ಹಬ್ಬ ಮುಗೀಲಿ.”

“ಹಬ್ಬದ ಹೊತ್ತಿಗೆ ನುಡಿಸೋಕೆ ಹಲ್ಲೇ ಇರಲ್ಲ ಅಪಾ.”

ಅವಳು ಕಿಟಕಿಯ ಹಲಗೆ ನೋಡಿದಳು. ಎರಡು ಕಬ್ಬಿಣಗಳು ಸುಮ್ಮನೆ ಬಿದ್ದಿದ್ದವು.

ಬೂಟು ಕೊಳ್ಳುವುದಿದೆ ಎಂದು ಬತ್ಮಾ ಎಜೆಗೆ ಹೇಳಿ ನಾರಿನ್‌ಗೆ ಹೋದೆವು.

ದಂತವೈದ್ಯೆಯ ಹೆಸರು ಜಿಪಾರ್. ನನಗಿಂತ ಸ್ವಲ್ಪವೇ ದೊಡ್ಡವರು, ಮಾತು ಜೋರು. ಅಮ್ಮ ಕುರ್ಚಿಯಲ್ಲಿ ಒರಗಿ ತುಟಿ ಬಿಗಿದುಕೊಂಡದ್ದು ನೋಡಿ, “ತೆರೀರಿ ಎಜೆ. ಅತ್ತೆ ಮನೇಲಿ ತೆರೀದ ಬಾಯನ್ನ ಇಲ್ಲಾದ್ರೂ ತೆರೀರಿ,” ಎಂದರು. ಅಮ್ಮನಿಗೆ ನಗು ಬಂತು. ವರ್ಷದ ಮೇಲೆ ಮೊದಲ ಸಲ, ಕೈ ಅಡ್ಡ ಇಲ್ಲದೆ.

ಗೆರೆಗಳಿದ್ದ ಒಂದು ತೆಳು ಕಡ್ಡಿಯನ್ನು ಅವರು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿದರು. ನನ್ನನ್ನೂ ಹತ್ತಿರ ಕರೆದರು. “ನೋಡಮ್ಮ, ಗಟ್ಟಿ ಒಸಡಾದ್ರೆ ಕಡ್ಡಿ ಇಲ್ಲೇ ನಿಲ್ಬೇಕು, ಮೊದಲ ಗೆರೆ ಹತ್ರ. ಇಲ್ಲಿ ಎಲ್ಲಿಗೆ ಹೋಗ್ತಿದೆ ನೋಡು.” ಕಡ್ಡಿ ಹೋಗುತ್ತಲೇ ಇತ್ತು. ಆಮೇಲೆ ಎಕ್ಸ್‌ರೇ ತೆಗೆದು ಪರದೆಗೆ ಹಾಕಿದರು. ಹಲ್ಲುಗಳ ಸುತ್ತ ಬೆಳ್ಳಗಿರಬೇಕಾದ ಎಲುಬು ಅರ್ಧಕ್ಕೆ ಕರಗಿತ್ತು. ನಾನು ಕಾಲೇಜಿನಲ್ಲಿ ನೋಡಿದ್ದ, ನದಿ ಕೊರೆದ ದಂಡೆಯ ನಕ್ಷೆಗಳ ಹಾಗಿತ್ತು.

“ಮೊದಲು ರಕ್ತ ಬಂದಿರುತ್ತೆ. ಆಗ ಬಂದಿದ್ರೆ ಚೊಕ್ಕ ಮಾಡಿ ಕಳಿಸ್ತಿದ್ದೆ, ಅಷ್ಟೇ. ಆಮೇಲೆ ವಾಸನೆ. ಒಸಡು ಊದೋದು, ಸರಿಯೋದು. ತಣ್ಣೀರು ಕುಡಿದ್ರೆ ಜುಮ್ಮಂತಿತ್ತಾ? ಗಟ್ಟಿ ತಿಂಡಿ ಬಿಟ್ಟಿರಾ? ಹೂಂ. ಹಲ್ಲಿನ ನಡುವೆ ಸಂದಿ ಬಿತ್ತು, ಕೀವು ಬಂತು, ಅಲುಗಾಡ್ತು. ಇಷ್ಟೆಲ್ಲ ನಡೀತಾ ಮನೇಲಿ ಏನು ಮಾಡ್ತಿದ್ರಿ?”

“ದುಃಖದಲ್ಲಿದ್ವಿ,” ಎಂದೆ ನಾನು. ಮೊದಲ ಬಾರಿಗೆ ಅವರೊಂದಿಗೆ ಮಾತಾಡಿದ್ದು ಅದು.

ಜಿಪಾರ್ ಕೈಗವಸು ಬದಲಿಸಿದರು. “ಅದೂ ಇರುತ್ತೆ. ಆದ್ರೆ ಎಷ್ಟು ಅತ್ತರೂ ಎಲುಬು ಹೀಗೆ ಕರಗಲ್ಲ. ಬಾಯಾರಿಕೆ ಜಾಸ್ತಿನಾ ಎಜೆ?”

ಅಮ್ಮ ಹೌದೆಂದಳು. ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ಏರಿತ್ತು. ಸೊರಗಿದ್ದಕ್ಕೂ ಅದೇ ಕಾರಣವಿರಬಹುದು, ಪಕ್ಕದ ಕಟ್ಟಡದ ವೈದ್ಯರಿಗೆ ತೋರಿಸಿಯೇ ಮನೆಗೆ ಹೋಗಿ, ಸಕ್ಕರೆ ಇಳಿಯದೆ ಒಸಡು ಮಾಯುವುದಿಲ್ಲ, ಎಂದರು.

ಆಮೇಲೆ ಅಮ್ಮ ಕೋಟಿನ ಜೇಬಿನಿಂದ ಕಬ್ಬಿಣವನ್ನು ತೆಗೆದು ತೋರಿಸಿದಳು. “ಇದು ನನ್ನ ಕೆಲಸ.”

ಜಿಪಾರ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅವರ ಜೋರು ಮಾತು ಇಳಿಯಿತು.

“ಎಜೆ, ಇವತ್ತು ಒಂದು ಕಡೆ, ಮುಂದಿನ ಸಲ ಇನ್ನೊಂದು ಕಡೆ, ಒಸಡಿನೊಳಗೆಲ್ಲ ಕೆರೆದು ಚೊಕ್ಕ ಮಾಡ್ತೀನಿ. ಅಲುಗಾಡೋ ಮುಂದಿನ ಹಲ್ಲುಗಳನ್ನ ಹಿಂದಿನಿಂದ ತಂತಿ ಹಾಕಿ ಒಂದಕ್ಕೊಂದು ಕಟ್ತೀನಿ. ನೀವು ದಿನಾ ಉಜ್ಜಿ, ಸಕ್ಕರೆ ಇಳಿಸಿ, ಹೇಳಿದಾಗ ಬಂದು ತೋರಿಸಿದ್ರೆ ಅವು ಉಳೀಬಹುದು. ಹೋದ ಎಲುಬು ವಾಪಸ್ ಬರಲ್ಲ. ಇದನ್ನ ಮಾತ್ರ ಆ ಹಲ್ಲಿಗೆ ಒತ್ತೋ ಹಾಗಿಲ್ಲ.”

“ಎಷ್ಟು ದಿನ?”

“ದಿನದ ಮಾತಲ್ಲ.”

“ಹಬ್ಬದಲ್ಲಿ ಒಂದು ಸಲ?”

“ನುಡಿಸಬಹುದು. ಆಮೇಲೆ ಹಲ್ಲು ಕೈಗೆ ಬಂದ್ರೆ ನನ್ನ ಹತ್ರ ತರಬೇಡಿ, ಹಾಕೋಕೆ ಜಾಗ ಇರಲ್ಲ.”

ಅಮ್ಮ ಕಬ್ಬಿಣವನ್ನು ಜೇಬಿಗೆ ಹಾಕಿಕೊಂಡು, ಒರಗಿ, ತಾನಾಗಿಯೇ ಬಾಯಿ ತೆರೆದಳು. ಜಿಪಾರ್ ಜೋಮು ಹಿಡಿಸುವ ಸೂಜಿ ಚುಚ್ಚಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಯಂತ್ರದ ಸಣ್ಣ ಕೀರಲು ಸದ್ದು ಕೇಳುತ್ತಿದ್ದೆ. ಗೋಡೆಯಲ್ಲಿ ನಗುತ್ತಿರುವ ಮಗುವಿನ ಚಿತ್ರವಿತ್ತು. ಅದರ ಹಲ್ಲುಗಳನ್ನು ನೋಡುತ್ತ ಕೂತೆ.

ಪಕ್ಕದ ಕಟ್ಟಡದಲ್ಲಿ ಸಕ್ಕರೆಗೆ ಮಾತ್ರೆ ಬರೆಸಿಕೊಂಡು ವ್ಯಾನ್ ನಿಲ್ಲುವಲ್ಲಿಗೆ ಬಂದಾಗ ಅಮ್ಮನ ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ತುಟಿಯಂಚಿನಿಂದ ಜೊಲ್ಲು ಇಳಿದದ್ದು ಅವಳಿಗೆ ಗೊತ್ತಾಗಲಿಲ್ಲ, ನಾನು ಒರೆಸಿದೆ. ನಮ್ಮೂರಿನ ವ್ಯಾನ್ ತುಂಬದೆ ಹೊರಡುವುದಿಲ್ಲ. ಜನ ಗಂಟುಮೂಟೆ ಹಿಡಿದು ಸೂರ್ಯಕಾಂತಿ ಬೀಜ ಕಚ್ಚುತ್ತ ನಿಂತಿದ್ದರು.

ಅಮ್ಮ ಕೆನ್ನೆ ಚಿವುಟಿಕೊಂಡಳು. ಇನ್ನೊಮ್ಮೆ, ಗಟ್ಟಿಯಾಗಿ.

“ಏನೂ ಗೊತ್ತಾಗ್ತಿಲ್ಲ,” ಎಂದಳು. ತುಟಿ ಸಹಕರಿಸದೆ ಮಾತು ಕಲಸಿ ಬಂತು. ಅವಳ ಕೈ ಜೇಬಿಗೆ ಹೋಯಿತು. “ಸಾಲ್ಕಿನ್, ಈಗ ನೋವಿಲ್ಲ. ಈಗ ಒತ್ತಿದ್ರೆ ಸ್ವರ ನೇರ ಬರುತ್ತೆ. ಗಟ್ಟಿಯಾಗಿ ಒತ್ತಿದ್ರೆ ಹಲ್ಲು ಅಲುಗಾಡಲ್ಲ. ಒಂದು ಸಲ.”

ಅವಳು ಕಬ್ಬಿಣವನ್ನು ಬಾಯಿಗೆ ಎತ್ತಿದಳು. ಬೀಜ ಕಚ್ಚುತ್ತಿದ್ದವರು ನೋಡಿದರು. ಯಾರೋ, “ಅಗೋ, ಅಳುವ ಕಬ್ಬಿಣದ ಹೆಂಗಸು!” ಎಂದರು. ಒಬ್ಬ ಫೋನ್ ಹಿಡಿದು ಹತ್ತಿರ ಬಂದ. ಒಸಡಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು.

“ಬೇಡ.”

ಅದು ನನ್ನ ದನಿ. ವ್ಯಾನ್ ನಿಲ್ದಾಣದಲ್ಲಿ ಅಷ್ಟು ಗಟ್ಟಿಯಾಗಿ ಬಂತು. ನಾನು ಅಮ್ಮನ ಮಣಿಕಟ್ಟು ಹಿಡಿದಿದ್ದೆ. ಅವಳು ಎಳೆದಳು, ನಾನು ಬಿಡಲಿಲ್ಲ. ಅಮ್ಮನ ಕೈ ನನ್ನ ಕೈಗಿಂತ ಬಲವಾದದ್ದು, ಹಾಲು ಕರೆದ ಕೈ. ಫೋನಿನವನ ಕಡೆ ತಿರುಗಿ, “ನೀವು ಹೋಗಿ. ಇಲ್ಲಿ ಏನೂ ಇಲ್ಲ,” ಎಂದೆ. ಅವನು ಹೋದ.

ಅಮ್ಮ ನನ್ನನ್ನೇ ನೋಡುತ್ತಿದ್ದಳು, ಒಂದು ಪಕ್ಕದ ಮುಖದಿಂದ.

“ನಿಂಗೆ ಇಷ್ಟು ದನಿ ಇದೆಯಾ?”

“ಕೊಡು ಅಪಾ.”

ಅವಳು ಕೊಡಲಿಲ್ಲ. ಆದರೆ ಕೈ ಇಳಿಸಿದಳು. ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದು ಕೂತಿದ್ದಳು. ಕಣಿವೆ ದಾಟುವಾಗ ಜೋಮು ಬಿಡತೊಡಗಿತು. ಕಿಟಕಿಗೆ ತಲೆಯಾನಿಸಿ ನರಳಿದಳು. ಜಿಪಾರ್ ಕೊಟ್ಟಿದ್ದ ಮಾತ್ರೆಯನ್ನು ನಾನು ಮುರಿದು ಅವಳ ಬಾಯಿಗಿಟ್ಟೆ. “ನೋಯ್ತಿದೆ ಕಣೆ,” ಎಂದಳು. ಆ ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

ಮಾರನೆಯ ದಿನ ಮುಕಾಶ್ ಬೈಕೆ ಬಂದರು, ಹಬ್ಬಕ್ಕೆ ಹೆಸರು ಬರೆಸುವ ಮುಂಚೆ ಒಂದು ಮಾತು ಕೇಳಿ ಹೋಗಲು. ಅವರ ಹಿಂದೆಯೇ ಬತ್ಮಾ ಎಜೆ, ಬಿಸಿ ರೊಟ್ಟಿ ಸುತ್ತಿದ ಬಟ್ಟೆ ಹಿಡಿದು.

“ಎಲ್ಲಿ, ಬೂಟು ತೋರಿಸ್ರೇ. ನಾರಿನ್ ತನಕ ಹೋಗಿ ಬರಿಗಾಲಲ್ಲಿ ಬಂದ್ರಾ?”

ಅಮ್ಮನ ಕೆನ್ನೆ ಊದಿತ್ತು. ಕೈ ಬಾಯಿಗೆ ಏರಿತು, ಅರ್ಧಕ್ಕೆ ನಿಂತಿತು. ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು.

“ಬೂಟಿಗೆ ಹೋಗಿರ್ಲಿಲ್ಲ ಎಜೆ. ಹಲ್ಲಿನ ಡಾಕ್ಟರ ಹತ್ರ ಹೋಗಿದ್ವಿ. ಮುಕಾಶ್ ಬೈಕೆ, ನನ್ನ ಹೆಸರು ಬರೆಸ್ಬೇಡಿ. ನಾನು ನುಡಿಸಲ್ಲ.”

“ನುಡಿಸಲ್ವಾ? ಊರೆಲ್ಲ ಕಾಯ್ತಿದೆ.”

“ಅವರು ಕೇಳಿದ್ದು ಅಳು ಅಲ್ಲ. ನನ್ನ ಒಸಡು ಕೊಳೆತಿತ್ತು. ಹಲ್ಲು ಅಲುಗಾಡ್ತಿತ್ತು, ಅದಕ್ಕೆ ಸ್ವರ ನಡುಗ್ತಿತ್ತು. ಅಷ್ಟೇ.”

ಮುಕಾಶ್ ಬೈಕೆ ಟೋಪಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಸರಿಸಿದರು. “ಯಾರಿಗೆ ಗೊತ್ತಾಗುತ್ತೆ ಬಿಡು. ಹಬ್ಬ ಮುಗಿಸಿ ಆಮೇಲೆ...”

“ನೀವು ಸುಮ್ಮನಿರಿ,” ಎಂದರು ಬತ್ಮಾ ಎಜೆ. ರೊಟ್ಟಿಯ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಅಮ್ಮನ ಕಡೆ ತಿರುಗಿದರು. “ಹಾಗಾದ್ರೆ ನನ್ನ ತಮ್ಮನಿಗೆ ಈ ಮನೇಲಿ ಅತ್ತೋರು ಯಾರು?”

ಸಮೋವರು ಕುದಿಯುತ್ತಿತ್ತು. ನಾನು ಅದರ ಬಳಿಯೇ ಇದ್ದೆ, ಬಟ್ಟಲು ಹಿಡಿದು.

“ನೀವು ಅತ್ರಿ ಎಜೆ,” ಎಂದಳು ಅಮ್ಮ. “ನನಗೆ ಹಾಗೆ ಬರಲ್ಲ. ಬಂದಿದ್ರೆ ಅಳ್ತಿದ್ದೆ. ಬರದೇ ಇರೋದನ್ನ ಹಲ್ಲಿನ ರೋಗದ ಕೈಲಿ ಅಳಿಸಿ 'ನಂದೇ' ಅನ್ನೋಕೆ ಆಗಲ್ಲ. ಅವರ ಹೆಸರಲ್ಲಂತೂ ಆಗಲ್ಲ.”

ಮುಕಾಶ್ ಬೈಕೆ ಟೋಪಿ ಹಾಕಿಕೊಂಡು ಎದ್ದು ಹೋದರು. ಬತ್ಮಾ ಎಜೆ ರೊಟ್ಟಿಯನ್ನು ಊಟದ ಹಾಸಿನ ಮೇಲಿಟ್ಟು, ಬಟ್ಟೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಈಗ ಬೈಯುತ್ತಾರೆ ಎಂದುಕೊಂಡೆ.

“ಬಾಯಿ ತೆರಿ,” ಎಂದರು.

ಅಮ್ಮ ಬೆಳಕಿಗೆ ಮುಖ ಮಾಡಿ ತೆರೆದಳು. ಬತ್ಮಾ ಎಜೆ ಅವಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಕೆರೆದ ಕಡೆ, ಇನ್ನೂ ಕೆರೆಯದ ಕಡೆ.

“ಶಾರ್ಶೆನ್ ಇದ್ದಿದ್ರೆ ಮೊದಲ ದಿನವೇ ಹಿಡೀತಿದ್ದ,” ಎಂದರು ಕೊನೆಗೆ. “ಕಂಡೋರ ಕುರಿಗಳ ಹಲ್ಲನ್ನೆಲ್ಲ ನೋಡ್ತಿದ್ದ.” ಆಮೇಲೆ ನನ್ನ ಮೇಲೆ ರೇಗಿದರು. “ನೀನೇನು ನೋಡ್ತಾ ನಿಂತೆ? ರೊಟ್ಟಿಯ ಗಟ್ಟಿ ಅಂಚು ತೆಗೆದು ಮೆತ್ತನ್ನ ಭಾಗ ಕೊಡು ಅವಳಿಗೆ. ಪದವಿ ಬೇರೆ ಓದಿದಾಳಂತೆ.”

ನಾನು ಅಂಚು ಬಿಡಿಸಿ ಕೊಟ್ಟೆ. ಅವರು ಹೋಗುವ ಮುನ್ನ ಬಾಗಿಲಲ್ಲಿ ನಿಂತು, ನಮಗೆ ಬೆನ್ನು ಮಾಡಿ, ತೋರುಬೆರಳನ್ನು ತಮ್ಮ ಬಾಯೊಳಗೆ ಹಾಕಿ ಏನನ್ನೋ ಒತ್ತಿ ನೋಡಿಕೊಂಡದ್ದು ಕಾಣಿಸಿತು. ತಿರುಗದೆಯೇ, “ಮುಂದಿನ ಸಲ ಹೋಗುವಾಗ ನನಗೂ ಹೇಳಿ. ನನಗೇನಿಲ್ಲ. ಸುಮ್ನೆ ಪೇಟೆ ನೋಡಿದ ಹಾಗಾಗುತ್ತೆ,” ಎಂದರು.

ಹಬ್ಬಕ್ಕೆ ಬೇರೆ ಊರಿನವರು ಹೋಗಿ ನುಡಿಸಿದರಂತೆ. ಅಮ್ಮನ ಹಲ್ಲಿನ ಹಿಂದೆ ತಂತಿ ಬಿತ್ತು. ಮೊದಮೊದಲು ನಾಲಿಗೆ ಅದಕ್ಕೆ ತಗುಲಿ ಮಾತು ತೊದಲುತ್ತಿತ್ತು. ದಿನಾ ಎರಡು ಹೊತ್ತು ಕನ್ನಡಿ ಮುಂದೆ ನಿಂತು, ರಕ್ತ ಬಂದರೂ ಬಿಡದೆ, ಜಿಪಾರ್ ತೋರಿಸಿಕೊಟ್ಟ ಹಾಗೆ ಮೆಲ್ಲಗೆ ಉಜ್ಜುತ್ತಿದ್ದಳು. ರಕ್ತ ನಿಧಾನವಾಗಿ ಕಡಿಮೆಯಾಯಿತು. ನೀರು ಸೇದುವಲ್ಲಿ ಹೆಂಗಸರ ಮಾತೂ ಹಳೆಯದಕ್ಕೇ ಮರಳಿತು. ತಾಯೂ ಕಲ್ಲು, ಮಗಳೂ ಕಲ್ಲು.

ಚಳಿ ಬೀಳುವ ಮುಂಚೆ ಕ್ಲಬ್ಬಿನ ತರಗತಿ ಮತ್ತೆ ಶುರುವಾಯಿತು. ನಾನು ಒಲೆಗೆ ಸೌದೆ ಹಾಕಲು ಹೋಗಿ ಗೋಡೆಯ ಬಳಿ ಕೂತಿದ್ದೆ. ಹುಡುಗಿಯರು ಅರ್ಧ ಚಂದ್ರಾಕಾರದಲ್ಲಿ ಕೂತು ಕಬ್ಬಿಣ ಬಾಯಿಗಿಟ್ಟುಕೊಂಡಿದ್ದರು. ಮಾತಲ್ಲಿ ಹೇಳಿ ಕಲಿಸುವುದು ಅಮ್ಮನಿಗೆ ಅಭ್ಯಾಸವಿಲ್ಲ. ಮೊದಲೆಲ್ಲ ನುಡಿಸಿ ತೋರಿಸಿಬಿಡುತ್ತಿದ್ದಳು. ತುದಿಯಲ್ಲಿದ್ದ ಹುಡುಗಿ ತಪ್ಪು ಮೀಟಿದಳು. ಅಮ್ಮನ ಕೈ ಸರ್ರನೆ ತನ್ನ ಬಾಯಿಯ ತನಕ ಏರಿತು, ಬೆರಳುಗಳು ಏನನ್ನೋ ಹಿಡಿದ ಹಾಗೆ ಮಡಚಿದ್ದವು, ಅವುಗಳ ನಡುವೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೈ ಮಡಿಲಿಗೆ ಇಳಿಯಿತು.

“ಉಸಿರು ಒಳಗೆ ತಗೋವಾಗ ಮೀಟು,” ಎಂದಳು. “ಬಿಡುವಾಗ ಅಲ್ಲ. ಇನ್ನೊಂದ್ಸಲ.”

ಹುಡುಗಿ ಮೀಟಿದಳು. ಅಮ್ಮ ತಲೆ ಓರೆ ಮಾಡಿ ಕೇಳಿದಳು.

“ಇನ್ನೊಂದ್ಸಲ.”